ಬನ್ನಿಯ ನಾಡಿಗೇಕೆ ಎರವಲು ಹಸಿರು?

ಯಲಬುರ್ಗಾ ಸೀಮೆಗೆ ಕೊನೆಗೂ ರೈಲು ಬಂದಿದೆ. ಗದಗ–ವಾಡಿ ಮಾರ್ಗದ ತಳಕಲ್–ಕುಷ್ಟಗಿ ಭಾಗದಲ್ಲಿ 2025ರ ಮೇ ತಿಂಗಳಿನಲ್ಲಿ ಸಂಚಾರ ಆರಂಭವಾದುದು ದಶಕಗಳ ನಿರೀಕ್ಷೆಗೆ ದೊರೆತ ಫಲ. ಆದರೆ ಯಾವ ಊರಿಗೂ ರೈಲು ಒಂಟಿಯಾಗಿ ಬರುವುದಿಲ್ಲ. ಅದರ ಬೆನ್ನಿಗೇ ಹೊಲಗಳಲ್ಲಿ ನಿವೇಶನದ ಕಲ್ಲುಗಳು ಏಳುತ್ತವೆ. ರಸ್ತೆಗಳು ಅಗಲವಾಗುತ್ತವೆ. ಹೊಸ ಕಚೇರಿ, ಕಾಲೇಜು, ಕಲ್ಯಾಣ ಮಂಟಪಗಳು ತಲೆ ಎತ್ತುತ್ತವೆ. ಇವೆಲ್ಲದರ ಮುಂದೆ ಒಂದಿಷ್ಟು ಜಾಗವನ್ನು 'ಉದ್ಯಾನ'ವೆಂದು ಗುರುತಿಸಿ ತಂತಿ ಬೇಲಿ ಹಾಕಲಾಗುತ್ತದೆ. ಆ ಬೇಲಿಯೊಳಗೆ ಏನು ಬೆಳೆಯಬೇಕು ಎಂಬ ಪ್ರಶ್ನೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಗುತ್ತಿಗೆದಾರನಿಗೆ ಯಾವ ನರ್ಸರಿಯಲ್ಲಿ ಯಾವ ಸಸಿ ಅಗ್ಗಕ್ಕೆ ಸಿಕ್ಕಿತೋ ಅದೇ ಉತ್ತರವಾಗಿಬಿಡುತ್ತದೆ.

ಹೀಗಾಗಿಯೇ ನಮ್ಮ ತಾಲ್ಲೂಕು ಕೇಂದ್ರಗಳ ಉದ್ಯಾನಗಳು ಒಂದರ ಪಡಿಯಚ್ಚಿನಂತೆ ಇನ್ನೊಂದು ಇರುತ್ತವೆ. ನಡುವೆ ಹುಲ್ಲುಹಾಸು, ಅಂಚಿಗೆ ಕತ್ತರಿಸಿದ ಡುರಾಂಟ ಬೇಲಿ, ಮೂಲೆಗೆ ನಾಲ್ಕು ಅಲಂಕಾರಿಕ ಪಾಮ್, ಕಾಲುದಾರಿಯ ಉದ್ದಕ್ಕೂ ಕೊನೊಕಾರ್ಪಸ್. ಮಂಗಳೂರಿನಲ್ಲೂ ಇದೇ, ಮೈಸೂರಿನಲ್ಲೂ ಇದೇ, ಯಲಬುರ್ಗಾದಲ್ಲೂ ಇದೇ. ಮಳೆ ಬೇರೆ, ಮಣ್ಣು ಬೇರೆ, ಬಿಸಿಲು ಬೇರೆ. ಹಸಿರು ಮಾತ್ರ ಒಂದೇ. ಉದ್ಘಾಟನೆಯ ದಿನ ಎಲ್ಲವೂ ಕಣ್ಣಿಗೆ ತಂಪಾಗಿರುತ್ತದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹುಲ್ಲು ಸುಟ್ಟು, ಪಾಮ್ ಒಣಗಿ, ಬೇಲಿಯ ಸಂದಿನಲ್ಲಿ ಬಳ್ಳಾರಿ ಜಾಲಿ ಇಣುಕತೊಡಗುತ್ತದೆ. ಆಗ ನಾವು ದೂಷಿಸುವುದು ನಿರ್ವಹಣೆಯನ್ನು. ನಿಜವಾದ ದೋಷವಿರುವುದು ಆಯ್ಕೆಯಲ್ಲಿ.

ಲೆಕ್ಕವೊಂದನ್ನು ನೋಡೋಣ. ಕಡು ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿ ಉಳಿಯಬೇಕಾದರೆ ದಿನಕ್ಕೆ ಐದು ಮಿಲಿಮೀಟರ್‌ನಷ್ಟಾದರೂ ನೀರು ಬೇಕು ಎಂದಿಟ್ಟುಕೊಳ್ಳಿ. ಅಂದರೆ ಪ್ರತಿ ಚದರ ಮೀಟರಿಗೆ ಐದು ಲೀಟರ್, ಒಂದು ಎಕರೆಗೆ ಸುಮಾರು 20 ಸಾವಿರ ಲೀಟರ್. ಜಲಜೀವನ ಮಿಷನ್ ಗ್ರಾಮೀಣ ಪ್ರದೇಶದ ಪ್ರತಿ ವ್ಯಕ್ತಿಗೆ ನಿಗದಿಪಡಿಸಿದ ಪ್ರಮಾಣ ದಿನಕ್ಕೆ 55 ಲೀಟರ್. ಒಂದು ಎಕರೆ ಹುಲ್ಲು ಒಂದು ದಿನದಲ್ಲಿ ಕುಡಿಯುವ ನೀರು 360ಕ್ಕೂ ಹೆಚ್ಚು ಜನರ ದಿನದ ಪಾಲಿಗೆ ಸಮ. ಸರಾಸರಿ ವಾರ್ಷಿಕ ಮಳೆ 600 ಮಿಲಿಮೀಟರನ್ನೂ ಮುಟ್ಟದ ಜಿಲ್ಲೆಯಿದು. ಯಲಬುರ್ಗಾ, ಕುಷ್ಟಗಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಸೇರಿಕೊಂಡಿರುವುದು ಹಳೆಯ ಸಂಕಟ. ಇಲ್ಲಿನ ಹಳ್ಳಿಗಳಿಗೆ ದೂರದ ನದಿ ನೀರನ್ನು ಕೊಳವೆಗಳ ಮೂಲಕ ತರಬೇಕಾಗಿದೆ. ಕೊಪ್ಪಳದ ಗಂಗಾವತಿಯ ಕಡೆಗೆ ತುಂಗಭದ್ರೆಯ ಕಾಲುವೆಗಳಿವೆ, ಭತ್ತವಿದೆ. ಅದೇ ಜಿಲ್ಲೆಯ ಈ ಮಗ್ಗುಲಿನಲ್ಲಿರುವುದು ಮುಗಿಲನ್ನು ನೆಚ್ಚಿದ ಜೋಳ, ಕಡಲೆ, ಸಜ್ಜೆ, ಶೇಂಗಾ. ಇಂಥಲ್ಲಿ ಹುಲ್ಲುಹಾಸನ್ನು ಸೌಂದರ್ಯವೆಂದು ಕರೆಯಲು ಸ್ವಲ್ಪ ಧೈರ್ಯವೇ ಬೇಕು.

ಹಾಗಾದರೆ ಒಣನಾಡಿಗೆ ಹಸಿರಿನ ಹಕ್ಕಿಲ್ಲವೇ? ಖಂಡಿತ ಇದೆ. ರೈಲಿನ ಕಿಟಕಿಯಿಂದಲೇ ಅದು ಕಾಣುತ್ತದೆ. ಎರೆಹೊಲಗಳ ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ನಿಂತಿರುವ ಬನ್ನಿ, ಬೇವು, ಕರಿಜಾಲಿಗಳಿಗೆ ಯಾವ ಟ್ಯಾಂಕರಿನವರೂ ನೀರು ಹಾಕಿಲ್ಲ. ಏಪ್ರಿಲ್ ತಿಂಗಳಲ್ಲಿ ನೆಲ ಬಿರುಕು ಬಿಟ್ಟಾಗಲೂ ಬನ್ನಿಯಲ್ಲಿ ಎಲೆಯಿರುತ್ತದೆ. ಅದರ ತಾಯಿಬೇರು ಬಹು ಆಳಕ್ಕಿಳಿದು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ, ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಟ್ಟು ಸುತ್ತಲಿನ ಮಣ್ಣಿಗೆ ಕೊಡುತ್ತದೆ. ಬನ್ನಿಯ ಬುಡದಲ್ಲಿ ಬೆಳೆ ಕುಗ್ಗುವುದಿಲ್ಲ ಎಂಬುದು ರೈತರ ಅನುಭವ. ಕೃಷಿ ವಿಜ್ಞಾನ ಅದನ್ನು ಅನುಮೋದಿಸಿದ್ದು ಆಮೇಲೆ. ಎರೆಮಣ್ಣಿನ ಕರಿಜಾಲಿ ಕುಂಟೆ, ಕೂರಿಗೆ, ಗಾಡಿಗೆ ಕಟ್ಟಿಗೆ ಕೊಟ್ಟಿತು. ಮಸಾರಿ ನೆಲದ ತಂಗಡಿ ಚರ್ಮ ಹದಮಾಡಲು ತೊಗಟೆ ಕೊಟ್ಟಿತು. ಹೋಳಿಯ ಹೊತ್ತಿಗೆ ಮುತ್ತುಗ, ಬೇಸಿಗೆಯ ನೆತ್ತಿಗೆ ಕಕ್ಕೆ ಹೂಬಿಟ್ಟವು. ಇವೆಲ್ಲ ಈ ನೆಲದ ಮಳೆ, ಬಿಸಿಲು, ದನಕರುಗಳ ಜತೆ ಸಾವಿರಾರು ವರ್ಷ ಏಗಿ ಗೆದ್ದ ಸಸ್ಯಗಳು.

ಬನ್ನಿಗೆ ಒಬ್ಬ ದಾಯಾದಿಯಿದ್ದಾನೆ. ಸಸ್ಯಶಾಸ್ತ್ರಜ್ಞರು ಬಹುಕಾಲ ಬನ್ನಿಯ ಕುಲಕ್ಕೇ ಸೇರಿಸಿದ್ದ ಬಳ್ಳಾರಿ ಜಾಲಿ ಅದು. ಹೆಸರಿನಲ್ಲಿ ಬಳ್ಳಾರಿಯಿದ್ದರೂ ಅದರ ತವರು ಅಮೆರಿಕ ಖಂಡಗಳ ಒಣಪ್ರದೇಶ. 1877ರ ಸುಮಾರಿಗೆ ಅದರ ಬೀಜವನ್ನು ಆಗಿನ ಮದ್ರಾಸ್ ಪ್ರಾಂತ್ಯದ ಕಡಪ ಸೀಮೆಗೆ ತಂದವರ ಉದ್ದೇಶ ಒಳ್ಳೆಯದೇ ಆಗಿತ್ತು: ಬರಡು ನೆಲಕ್ಕೆ ಹಸಿರು, ಬಡವರಿಗೆ ಉರುವಲು. ಎರಡೂ ಸಿಕ್ಕವು. ಜತೆಗೆ ಯಾರೂ ಕೇಳದಿದ್ದುದೂ ಸಿಕ್ಕಿತು. ದನ, ಕುರಿಗಳು ಅದರ ಕಾಯಿ ತಿಂದು ಸೆಗಣಿ, ಹಿಕ್ಕೆಯ ಮೂಲಕ ಬೀಜವನ್ನು ಊರೂರಿಗೆ ಹಂಚಿದವು. ಕಡಿದರೆ ಬುಡದಿಂದ ಹತ್ತು ಕವಲು. ಹಳ್ಳ, ಕೆರೆಯಂಗಳ, ಗೋಮಾಳಗಳನ್ನು ಅದು ಆವರಿಸಿಕೊಂಡಿತು. ಅದರಡಿಯಲ್ಲಿ ಹುಲ್ಲು ಹುಟ್ಟುವುದು ವಿರಳ. ಇಂದಿಗೂ ಅನೇಕ ಬಡ ಕುಟುಂಬಗಳ ಒಲೆ ಉರಿಯುವುದು, ಇದ್ದಿಲು ಸುಟ್ಟು ಜೀವನ ಸಾಗುವುದು ಈ ಗಿಡದಿಂದಲೇ ಎಂಬುದನ್ನು ಅಲ್ಲಗಳೆಯಲಾಗದು. ಅದನ್ನು ತೆಗೆಯುವ ಯಾವುದೇ ಯೋಜನೆ ಆ ಒಲೆಗಳ ಬಗೆಗೂ ಯೋಚಿಸಬೇಕಾಗುತ್ತದೆ. ಆದರೆ ಬೇಗ ಬೆಳೆಯುವುದೊಂದನ್ನೇ ಗುಣವೆಂದು ಎಣಿಸಿ ಗಿಡ ನೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿ ಜಾಲಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆ ಪಾಠವನ್ನು ನಾವು ಕಲಿತೆವೇ? ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯ ಘೋಷಣೆಯಾಯಿತು. ಕೃಷ್ಣಮೃಗಕ್ಕೂ ಎರೆಭೂತ ಹಕ್ಕಿಗೂ ಬೇಕಿದ್ದುದು ತೆರೆದ ಹುಲ್ಲುಗಾವಲು. ಅಲ್ಲಿ ಬೆಳೆದು ನಿಂತುದು ನೀಲಗಿರಿ ನೆಡುತೋಪು. ಎರೆಭೂತ ಅಲ್ಲಿಂದ ಕಣ್ಮರೆಯಾಯಿತು. ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಈಗ ನಗರಗಳ ಮೋಹ ಕೊನೊಕಾರ್ಪಸ್ ಕಡೆಗೆ ತಿರುಗಿದೆ. ಅದರ ಪರಾಗದಿಂದಾಗುವ ಅಲರ್ಜಿ, ಕೊಳವೆ, ಚರಂಡಿಗಳಿಗೆ ನುಗ್ಗುವ ಬೇರು ಇವುಗಳ ಬಗ್ಗೆ ದೂರುಗಳು ಬಂದುದರಿಂದ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ತಪ್ಪು ಮಾಡಿ, ಹಲವು ವರ್ಷ ಅನುಭವಿಸಿ, ಬಳಿಕ ಆದೇಶ ಹೊರಡಿಸುವುದು ನಮ್ಮ ರೂಢಿ. ಯಲಬುರ್ಗಾದಂಥ ಊರಿಗೆ ಇರುವ ಅನುಕೂಲವೆಂದರೆ ಇನ್ನೂ ಬಹುಪಾಲು ತಪ್ಪುಗಳನ್ನು ಮಾಡಿಲ್ಲದಿರುವುದು.

ಇಲ್ಲಿ ಸ್ವಲ್ಪ ಎಚ್ಚರವೂ ಅಗತ್ಯ. ದೇಸಿ ಸಸ್ಯಗಳ ಪರವಾದ ಮಾತು ಪರದೇಶಿಯಾದುದೆಲ್ಲವನ್ನೂ ಓಡಿಸುವ ಘೋಷಣೆಯಾಗಬಾರದು. ಯಲಬುರ್ಗಾದ ರೈತನ ಕೈಗೆ ಕಾಸು ತರುವ ಶೇಂಗಾ, ಅವನ ರೊಟ್ಟಿಯ ಮಗ್ಗುಲಿನ ಮೆಣಸಿನಕಾಯಿ, ಗುಡ್ಡದ ಸೀತಾಫಲ ಎಲ್ಲವೂ ಅಮೆರಿಕದಿಂದ ಬಂದವು. ನಮ್ಮ ಸಾರಿನ ಹುಣಸೆಯ ಮೂಲ ಕೂಡ ಆಫ್ರಿಕ. ಕಿನ್ನಾಳದ ಗೊಂಬೆಗಳ ಅವಯವಗಳನ್ನು ಬೆಸೆಯುವ ಅಂಟು ಅದೇ ಹುಣಸೆಯ ಬೀಜದ್ದು. ಅವು ಬಂದವು, ಹೊಂದಿಕೊಂಡವು, ಯಾರನ್ನೂ ಹೊರದಬ್ಬಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ಒಂದರ ಹಿಂದೆ ಒಂದು ಹೂಬಿಡುವಂತೆ ದೇಶವಿದೇಶಗಳ ಮರಗಳನ್ನು ಸಂಯೋಜಿಸಿದ್ದು ಇಂದಿಗೂ ಕಣ್ಣಿಗೆ ಹಬ್ಬ. ಆದುದರಿಂದ ಕೇಳಬೇಕಾದ ಪ್ರಶ್ನೆ ಗಿಡದ ಕುಲಗೋತ್ರವನ್ನಲ್ಲ. ಇಲ್ಲಿ ಬದುಕಲು ಅದಕ್ಕೆ ಏನೇನು ಬೇಕು? ಇಲ್ಲಿನ ಬದುಕಿಗೆ ಅದು ಏನು ಕೊಡುತ್ತದೆ? ನೆರೆಯ ಗಿಡವನ್ನು ಬಾಳಗೊಡುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಕೇಳಿದರೆ ಒಣನಾಡಿನಲ್ಲಿ ಬಹುತೇಕ ಸಲ ಉತ್ತರ ಸ್ಥಳೀಯ ಸಸ್ಯವೇ ಆಗಿರುತ್ತದೆ.

ಎರಡನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ನಾವು ಕಸವೆಂದು ಕಿತ್ತೆಸೆಯುವ ಎಕ್ಕೆಯ ಎಲೆ ತಿಂದೇ ಕಿತ್ತಳೆ ಬಣ್ಣದ 'ಪ್ಲೇನ್ ಟೈಗರ್' ಚಿಟ್ಟೆಯ ಮರಿಹುಳು ಬೆಳೆಯುತ್ತದೆ. ಕಕ್ಕೆ, ತಂಗಡಿಗಳ ಎಲೆ ಹಳದಿ ಬಿಳಿಯ ವಲಸೆ ಚಿಟ್ಟೆಗಳಿಗೆ ಬೇಕು. ಬಿಲ್ವ ಇನ್ನೊಂದು ಚಿಟ್ಟೆಗೆ ತೊಟ್ಟಿಲು. ಬಾರಿ, ಕವಳಿಗಳ ಹಣ್ಣು ಮಕ್ಕಳಿಗೂ ಹಕ್ಕಿಗೂ ಪಾಲು. ಆಲ, ಅತ್ತಿ, ಬಸರಿಗಳು ಹಣ್ಣುಬಿಟ್ಟಾಗ ಹಕ್ಕಿಗಳ ಜಾತ್ರೆಯೇ ನೆರೆಯುತ್ತದೆ. ಕತ್ತರಿಸಿದ ಡುರಾಂಟ ಬೇಲಿಯ ಮೇಲೆ ಇವುಗಳಲ್ಲಿ ಎಷ್ಟು ಜೀವಗಳಿಗೆ ಊಟವಿದೆ? ಎಲೆಯಲ್ಲಿ ಒಂದೂ ತೂತಿಲ್ಲದ ಉದ್ಯಾನವನ್ನು ನಾವು ಚೊಕ್ಕಟವೆಂದು ಹೊಗಳುತ್ತೇವೆ. ಪರಿಸರದ ದೃಷ್ಟಿಯಲ್ಲಿ ಅದು ಯಾರೂ ಉಣ್ಣದ ಮನೆ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇಯಾನ್ ಮೆಕ್‌ಹಾರ್ಗ್ 1969ರಲ್ಲಿ ಪ್ರಕಟಿಸಿದ 'ಡಿಸೈನ್ ವಿತ್ ನೇಚರ್' ಕೃತಿ ವಿನ್ಯಾಸಕಾರರ ಜಗತ್ತಿಗೆ ಕಲಿಸಿದ್ದು ಸರಳ ಕ್ರಮ: ಮೊದಲು ನೆಲದ ಕಲ್ಲು, ಮಣ್ಣು, ನೀರು, ಸಸ್ಯಗಳನ್ನು ಓದಿಕೊಳ್ಳಿ, ಆಮೇಲೆ ಗೆರೆ ಎಳೆಯಿರಿ. ಭಾರತದಲ್ಲಿ ಇದಕ್ಕೆ ಉಜ್ವಲ ನಿದರ್ಶನ ಜೋಧಪುರದ ಮೆಹರಾನ್‌ಗಢ ಕೋಟೆಯ ಬುಡದಲ್ಲಿರುವ ರಾವ್ ಜೋಧಾ ಶಿಲೋದ್ಯಾನ. ಸುಮಾರು 70 ಹೆಕ್ಟೇರ್ ಕಲ್ಲುನೆಲವನ್ನು ನಮ್ಮ ಇದೇ ಬಳ್ಳಾರಿ ಜಾಲಿ ಆವರಿಸಿತ್ತು. 2006ರಲ್ಲಿ ಪ್ರದೀಪ್ ಕೃಷನ್ ಅವರ ಮಾರ್ಗದರ್ಶನದಲ್ಲಿ ಕೆಲಸ ಆರಂಭವಾಯಿತು. ಬಂಡೆಯ ಬಿರುಕಿನೊಳಗಿನ ಬೇರು ಕೀಳಲು ಯಂತ್ರಗಳು ಸೋತಾಗ ನೆರವಿಗೆ ಬಂದವರು ಸ್ಥಳೀಯ ಕಲ್ಲುಗಣಿಯ ಕಾರ್ಮಿಕರು. ಉಳಿಯಿಂದ ಬಂಡೆ ತಟ್ಟಿ ಕೇಳಿ, ಬಿರುಕೆಲ್ಲಿದೆಯೆಂದು ಹೇಳಬಲ್ಲವರು ಅವರು. ಬೇರು ಕಿತ್ತ ಅದೇ ಗುಂಡಿಗಳಲ್ಲಿ ಥಾರ್ ಮರುಭೂಮಿಯ ಕಲ್ಲುನೆಲದ ಸಸ್ಯಗಳನ್ನು ನೆಡಲಾಯಿತು. ಇಂದು ಜನ ಅದನ್ನು ಟಿಕೆಟ್ ಕೊಂಡು ನೋಡುತ್ತಾರೆ. ಮರುಭೂಮಿ ತನ್ನ ಸಸ್ಯಗಳ ಬಗ್ಗೆ ನಾಚಿಕೊಳ್ಳಲಿಲ್ಲ ಎಂಬುದೇ ಅದರ ಯಶಸ್ಸಿನ ಗುಟ್ಟು.

ನಮಗೆ ಆ ನಾಚಿಕೆ ಇನ್ನೂ ಹೋಗಿಲ್ಲ. ಕುರುಚಲು ಗುಡ್ಡ, ಹುಲ್ಲುಬಯಲು ಕಂಡರೆ ನಮ್ಮ ಕಡತಗಳು ಅದನ್ನು 'ಪಾಳುಭೂಮಿ' ಎಂದು ಬರೆದುಕೊಳ್ಳುತ್ತವೆ. ಆದರೆ ಕೊಪ್ಪಳ ಜಿಲ್ಲೆಯದೇ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಇಂಥದೇ ಸುಮಾರು 332 ಹೆಕ್ಟೇರ್ ಕುರುಚಲು ಗುಡ್ಡ ಈಗ ತೋಳಗಳ ಅಭಯಧಾಮ. ಯಾವುದನ್ನು ಪಾಳೆಂದು ಕರೆದೆವೋ ಅದು ತೋಳ, ನರಿ, ಚಿಗರಿಗಳ ಮನೆಯಾಗಿತ್ತು. ಹಸಿರು ಎಂದರೆ ಮರವೇ, ಮರವೆಂದರೆ ದಟ್ಟ ಕಾಡೇ ಆಗಬೇಕಿಲ್ಲ. ಈಚೆಗೆ ಜನಪ್ರಿಯವಾಗಿರುವ ಜಪಾನಿನ ಮಿಯಾವಾಕಿ ವಿಧಾನವನ್ನೂ ಈ ದೃಷ್ಟಿಯಿಂದ ಒರೆಗೆ ಹಚ್ಚಬೇಕು. ಅದು ಸ್ಥಳೀಯ ಜಾತಿಗಳನ್ನೇ ಬಳಸೆಂದರೂ ಒತ್ತೊತ್ತಾಗಿ ನೆಡುವ ಅದರ ಕ್ರಮ ಹುಟ್ಟಿದ್ದು ಮಳೆ ಸಮೃದ್ಧವಾಗಿರುವ ನಾಡಿನಲ್ಲಿ. ಯಲಬುರ್ಗಾದ ಸಹಜ ಚಿತ್ರ ದೂರದೂರಕ್ಕೊಂದು ಮರ, ನಡುವೆ ಪೊದೆ, ಕೆಳಗೆ ಹುಲ್ಲು. ಇಲ್ಲಿನ ಉದ್ಯಾನವೂ ಅದನ್ನೇ ಅನುಸರಿಸಬೇಕು.

ಕಾರ್ಯರೂಪದಲ್ಲಿ ಇದು ಹೇಗಿರಬಹುದು? ಎರೆಮಣ್ಣಿನ ಬಡಾವಣೆಗಳಲ್ಲಿ ಬನ್ನಿ, ಬೇವು, ಜಾಲಿ. ಮಸಾರಿ ನೆಲ, ಕಲ್ಲುಗುಡ್ಡಗಳ ಬದಿಯಲ್ಲಿ ಕಮರ, ದಿಂಡಿಗ, ತಪಸಿ, ಕಕ್ಕೆ, ಮುತ್ತುಗ. ಅವುಗಳ ಕೆಳಗೆ ಕವಳಿ, ಬಾರಿ, ತಂಗಡಿಯ ಪೊದೆ. ಕೆರೆ, ಹಳ್ಳದ ದಂಡೆಗೆ ಹೊಂಗೆ, ಅತ್ತಿ, ಹೊಳೆಮತ್ತಿ, ಲಕ್ಕಿ. ಮಕ್ಕಳು ಆಡುವ ಕಡೆ ತುಳಿತಕ್ಕೆ ಬಗ್ಗದ ಕರಿಕೆ ಇರಲಿ. ಬೇಸಿಗೆಯಲ್ಲಿ ಅದು ಕಂದಿದರೂ ಮೊದಲ ಮಳೆಗೆ ಚಿಗುರುತ್ತದೆ. ಬೇಸಿಗೆಯ ಆ ಕಂದುಬಣ್ಣವನ್ನು ಕೊರತೆಯೆಂದು ಕಾಣದೆ ಋತುವೆಂದು ಕಾಣಲು ನಮ್ಮ ಕಣ್ಣನ್ನು ಪಳಗಿಸಬೇಕು. ಇಲ್ಲೂ ಒಂದೇ ಜಾತಿಗೆ ಜೋತು ಬೀಳಬಾರದು. ದಕ್ಖನ್ ಪ್ರಸ್ಥಭೂಮಿಯ ಹಲವೆಡೆ ಕೆಲ ವರ್ಷಗಳಿಂದ ಬೇವಿನ ಮರಗಳ ತುದಿ ಒಣಗುತ್ತಿರುವುದನ್ನು ಕಂಡಿದ್ದೇವೆ. ಬೀದಿ ತುಂಬ ಬೇವೊಂದನ್ನೇ ನೆಟ್ಟರೆ ರೋಗ ಬಂದಾಗ ಬೀದಿಯೇ ಬೋಳಾಗುತ್ತದೆ.

ಇಟಗಿಯ ಮಹಾದೇವ ದೇವಾಲಯ ಇದಕ್ಕೆ ಒಳ್ಳೆಯ ಪ್ರಯೋಗಭೂಮಿಯಾಗಬಲ್ಲದು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕೊಂಡಾಡಿದ ಗುಡಿಯದು. ಸ್ಮಾರಕವೆಂದರೆ ಸುತ್ತ ಹುಲ್ಲುಹಾಸು ಇರಲೇಬೇಕೆಂಬ ನಂಬಿಕೆ ನಮ್ಮ ಪರಂಪರೆಯದಲ್ಲ. ತಾಜ್‌ಮಹಲಿನ ಮುಂದಿನ ಇಂದಿನ ಹುಲ್ಲುಹಾಸು ಕೂಡ ಮೊಘಲರದಲ್ಲ, ವೈಸ್‌ರಾಯ್ ಕರ್ಜನ್ ಕಾಲದ ಇಂಗ್ಲಿಷ್ ಅಭಿರುಚಿ. ಚಾಲುಕ್ಯ ಶಿಲ್ಪದ ನೆರಳಿಗೆ ಬಿಲ್ವ, ಬನ್ನಿ, ಕಕ್ಕೆಗಳಿಗಿಂತ ಸಹಜವಾದ ಸಂಗಾತಿಗಳು ಬೇರೆ ಯಾವುವು? ಕಟ್ಟಡದ ಅಡಿಪಾಯಕ್ಕೆ ಧಕ್ಕೆಯಾಗದ ದೂರವನ್ನು ಪುರಾತತ್ವ ತಜ್ಞರು ನಿರ್ಧರಿಸಲಿ. ಜಾತಿಗಳನ್ನು ಈ ನೆಲ ನಿರ್ಧರಿಸಲಿ.

ಆಡಳಿತದ ಅಡ್ಡಿಗಳು ಸಣ್ಣವೇನಲ್ಲ. ಬನ್ನಿ, ಕಮರ, ದಿಂಡಿಗಗಳ ಸಸಿಗಳನ್ನು ನೂರರ ಲೆಕ್ಕದಲ್ಲಿ ಕೇಳಿದರೆ ಕೊಡುವ ನರ್ಸರಿಗಳು ಎಷ್ಟಿವೆ? ಈ ಮರಗಳು ಮೊದಲ ವರ್ಷಗಳಲ್ಲಿ ಬೇರಿಗೆ ದುಡಿಯುತ್ತವೆ, ಮೇಲೆ ಅಷ್ಟಾಗಿ ಏಳುವುದಿಲ್ಲ. ವರ್ಷದೊಳಗೆ ಬಿಲ್ ಆಗಬೇಕಾದ ಗುತ್ತಿಗೆದಾರನಿಗೂ ಉದ್ಘಾಟನೆಗೆ ಆತುರಪಡುವ ಜನಪ್ರತಿನಿಧಿಗೂ ಇದು ಸಹ್ಯವಲ್ಲ. ಆದುದರಿಂದ ಪಟ್ಟಣ ಪಂಚಾಯಿತಿಗಳು ಟೆಂಡರಿನಲ್ಲೇ ಸ್ಥಳೀಯ ಜಾತಿಗಳ ಪಟ್ಟಿಯನ್ನು ನಮೂದಿಸಬೇಕು. ಹಣದ ಒಂದು ಭಾಗವನ್ನು ಮೂರನೆಯ ಬೇಸಿಗೆ ದಾಟಿದ ಗಿಡಗಳನ್ನು ಎಣಿಸಿಯೇ ಪಾವತಿಸಬೇಕು. ಬೀಜ ಸಂಗ್ರಹ, ಸಸಿ ಬೆಳೆಸುವ ಕೆಲಸವನ್ನು ಅರಣ್ಯ ಇಲಾಖೆಯ ಮಾರ್ಗದರ್ಶನದಲ್ಲಿ ಸ್ತ್ರೀಶಕ್ತಿ ಸಂಘಗಳಿಗೆ ವಹಿಸಬಹುದು. ಕುರಿಗಾಹಿಗಳಿಗೆ, ನಾಟಿ ವೈದ್ಯರಿಗೆ ಯಾವ ಗಿಡ ಯಾವ ತಿಂಗಳು ಬೀಜ ಬಿಡುತ್ತದೆಂಬುದು ಅಂಗೈಗೆರೆಯಷ್ಟು ಪರಿಚಿತ. ಜೋಧಪುರದ ಕಲ್ಲುಕುಟಿಗರಂತೆ ಇವರೂ ತಜ್ಞರೇ. ಪರಿಸರ ಅನುಮತಿಯ ಷರತ್ತಿನಂತೆ ಹಸಿರುಪಟ್ಟಿ ಬೆಳೆಸಬೇಕಾದ ಕೊಪ್ಪಳದ ಕಾರ್ಖಾನೆಗಳೂ ಈ ಸಸಿಗಳಿಗೆ ಗಿರಾಕಿಗಳಾಗಲಿ.

ಜನಶಕ್ತಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳುತನದಲ್ಲಿ ಜನ ಹಿರೇಹಳ್ಳವನ್ನು ಹಸನು ಮಾಡಿದ್ದನ್ನು, ಕುಷ್ಟಗಿಯ ನಿಡಶೇಸಿ ಕೆರೆಯ ಹೂಳೆತ್ತಿದ್ದನ್ನು ನಾಡು ಕಂಡಿದೆ. ಆದರೆ ತೆರವಾದ ದಂಡೆ ಬಹಳ ದಿನ ಬರಿದಾಗಿ ಉಳಿಯುವುದಿಲ್ಲ. ನಾವು ಏನನ್ನೂ ನೆಡದಿದ್ದರೆ ಅಲ್ಲಿ ಮೊದಲು ಮರಳಿ ಬರುವುದು ಬಳ್ಳಾರಿ ಜಾಲಿಯೇ. ಹೂಳೆತ್ತಿದ ಶ್ರಮ ಉಳಿಯಬೇಕಾದರೆ ದಂಡೆಯ ಮೇಲೆ ಲಕ್ಕಿ, ಹೊಂಗೆಗಳು ಬೇರೂರಬೇಕು. 2025ರ ನವೆಂಬರ್‌ನಲ್ಲಿ ನಮ್ಮನ್ನಗಲಿದ ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ರಸ್ತೆಗೆ ಆರಿಸಿಕೊಂಡದ್ದು ಊರಿನ ಆಲವನ್ನೇ. ಬಿಂದಿಗೆಯಲ್ಲಿ ನೀರು ಹೊತ್ತದ್ದು ಆರಂಭದ ಕೆಲವು ವರ್ಷ ಮಾತ್ರ. ಆಮೇಲೆ ಆ ಮರಗಳು ತಮ್ಮ ಪಾಡಿಗೆ ತಾವು ಬೆಳೆದವು. ಒಳ್ಳೆಯ ಆಯ್ಕೆಯ ಲಕ್ಷಣವೇ ಅದು.

ವಿಜಯದಶಮಿಯಂದು ಈ ಭಾಗದ ಮನೆಮನೆಗಳಲ್ಲಿ ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು, 'ಬನ್ನಿ ತಗೊಂಡು ಬಂಗಾರದಂಗ ಇರೋಣು' ಎನ್ನುವುದು ವಾಡಿಕೆ. ವರ್ಷಕ್ಕೊಂದು ದಿನ ನಾವು ಬಂಗಾರವೆಂದು ಕರೆಯುವ ಮರಕ್ಕೆ ಉಳಿದ ದಿನಗಳಲ್ಲಿ ನಮ್ಮ ಉದ್ಯಾನಗಳಲ್ಲಿ ಸ್ಥಳವಿಲ್ಲ. ಬದು ಒಡೆದು ನಿವೇಶನ ಮಾಡುವಾಗ ಮೊದಲು ಉರುಳುವುದೂ ಅದೇ. ಹೀಗೇ ನಡೆದರೆ ಹಬ್ಬದ ಎಲೆಗಾಗಿ ಪೇಟೆಗೆ ಹೋಗಬೇಕಾದ ದಿನ ದೂರವಿಲ್ಲ. ಯಲಬುರ್ಗಾದ ಹೊಸ ಬಡಾವಣೆಯ ನಕ್ಷೆ ಬರೆಯುವವರು ಗೆರೆ ಎಳೆಯುವ ಮುನ್ನ ಆ ಹೊಲದಲ್ಲಿ ಈಗಾಗಲೇ ನಿಂತಿರುವ ಬನ್ನಿಗಳನ್ನು ಎಣಿಸಿ, ಅವುಗಳ ಸುತ್ತಲೇ ಉದ್ಯಾನದ ಜಾಗ ಗುರುತಿಸಲಿ. ಇದಕ್ಕೆ ಅನುದಾನ ಬೇಡ, ಆದೇಶವೂ ಬೇಡ. ನೆಡದೆಯೇ ದೊರೆಯುವ ನೂರು ವರ್ಷದ ನೆರಳು ಅದು.